ದುಬೈ, ಸಿಂಗಾಪುರ, ಬ್ಯಾಂಕಾಕ್ ಆಯ್ತು, ಇನ್ನು ಎಲ್ಲಿಗೆ?

ಪ್ರಶ್ನೆ: ನಾವು ಉಡುಪಿ ಹತ್ತಿರ ಕಟಪಾಡಿಯವರು. ದುಬೈ, ಸಿಂಗಾಪುರ, ಬ್ಯಾಂಕಾಕ್ ಮೂರೂ ಆಗಿದೆ. ಈ ಸಲ ನಮ್ಮ ಕಡೆಯವರು ಯಾರೂ ಹೋಗದ ಜಾಗ ನೋಡಬೇಕು ಅಂತ ಆಸೆ. ನಾನು, ಗಂಡ, 11 ವರ್ಷದ ಮಗಳು, 68 ವರ್ಷದ ಅಮ್ಮ ಹೊರಡುತ್ತೇವೆ. ಅಮ್ಮನಿಗೆ ಮೊಣಕಾಲು ನೋವು, ಜಾಸ್ತಿ ಹತ್ತಿ ಇಳಿಯಲು ಆಗುವುದಿಲ್ಲ. ಸೋಮವಾರ, ಶನಿವಾರ ಮೀನು ಮುಟ್ಟುವುದಿಲ್ಲ. ಕೈಯಲ್ಲಿ ಹತ್ತು ದಿನ ಇದೆ, ದಸರಾ ರಜೆಯಲ್ಲಿ ಇಲ್ಲವೇ ಬೇಸಿಗೆ ರಜೆಯಲ್ಲಿ. ಇಂಟರ್ನೆಟ್‌ನ ಪಟ್ಟಿಗಳನ್ನು ಓದಿ ಸಾಕಾಗಿದೆ. ನೀವಾದರೆ ಎಲ್ಲಿಗೆ ಕಳಿಸುತ್ತೀರಿ?

ಉತ್ತರ: ನಿಮ್ಮ ಪ್ರಶ್ನೆ ಓದಿ ತುಂಬ ಖುಷಿಯಾಯಿತು. ಅಮ್ಮನ ಮೊಣಕಾಲಿನಿಂದ ಹಿಡಿದು ಶನಿವಾರದ ಮೀನಿನವರೆಗೆ ಎಲ್ಲ ಹೇಳಿದ್ದೀರಿ. ಪ್ರವಾಸ ಜೋಡಿಸುವವರಿಗೆ ಬೇಕಾಗಿರುವುದೇ ಇದು.

ಆದರೆ ಒಂದು ಮಾತಿಗೆ ನನ್ನ ಒಪ್ಪಿಗೆ ಇಲ್ಲ. "ಯಾರೂ ಹೋಗದ ಜಾಗ" ಅನ್ನುವುದು ಹೋಗಲು ಸಾಕಾಗುವಷ್ಟು ಕಾರಣ ಅಲ್ಲ. ನಾನು ಮಂಗಳೂರಿನಲ್ಲಿ ಕೂತು ಇಪ್ಪತ್ತು ವರ್ಷದಿಂದ ಜನರನ್ನು ಹೊರದೇಶಕ್ಕೆ ಕಳಿಸುತ್ತಿದ್ದೇನೆ. ಹಿಂದೆ ಒಬ್ಬ ಗಂಡ ಹೆಂಡತಿ ಹೀಗೇ ಕೇಳಿದಾಗ, ಬಹಳ ಉತ್ತರದ ಒಂದು ಚಳಿ ದ್ವೀಪಕ್ಕೆ ಕಳಿಸಿದ್ದೆ. ಖರ್ಚು ಜೋರಾಗಿಯೇ ಆಯಿತು. ವಾಪಸ್ ಬಂದ ಮೇಲೆ ಹೇಗಿತ್ತು ಅಂತ ಕೇಳಿದೆ. "ಚಂದ ಇತ್ತು" ಅಂದರು. ಅಷ್ಟೇ, ಮುಂದೆ ಹೇಳಲು ಅವರ ಹತ್ತಿರ ಏನೂ ಇರಲಿಲ್ಲ. ತಪ್ಪು ಅವರದಲ್ಲ, ಆ ದ್ವೀಪದ್ದೂ ಅಲ್ಲ. ಅಲ್ಲಿ ಅವರ ಕೈಗೆ ಹತ್ತುವ ಒಂದು ಎಳೆಯೂ ಇರಲಿಲ್ಲ. ಅದನ್ನು ನಾನು ಮೊದಲೇ ಯೋಚಿಸಬೇಕಿತ್ತು.

ಅದೇ ಸಮಯಕ್ಕೆ ಗಂಗೊಳ್ಳಿ ಕಡೆಯ ಒಬ್ಬರು ಹಿರಿಯರು, ಜೀವನ ಪೂರ್ತಿ ಬೋಟಿನಲ್ಲೇ ಕಳೆದವರು, ಮಗನ ಜೊತೆ ಒಮಾನ್‌ಗೆ ಹೋಗಿದ್ದರು. ಅಲ್ಲಿ ಸೂರ್ ಅಂತ ಒಂದು ಬಂದರು ಊರಿದೆ, ಮರದ ಹಡಗು ಕಟ್ಟುವುದಕ್ಕೆ ಹೆಸರಾದ ಊರು. ಹಿಂದಿನ ಕಾಲದಲ್ಲಿ ಆ ಹಡಗುಗಳಿಗೆ ತೇಗದ ಮರ ಹೋಗುತ್ತಿದ್ದುದು ಭಾರತದ ಪಶ್ಚಿಮ ಕರಾವಳಿಯಿಂದ. ಮಗ ಫೋಟೋ ತೆಗೆದು ಹೊರಟರೂ ಈ ಹಿರಿಯರು ಅಲ್ಲಿಂದ ಏಳಲಿಲ್ಲ. ಬಡಗಿಗಳ ಪಕ್ಕ ಮೂರು ಗಂಟೆ ಕೂತರು. ಹಲಗೆ ಹೇಗೆ ಬಗ್ಗಿಸುತ್ತಾರೆ, ಸಂದಿಗೆ ಏನು ತುಂಬುತ್ತಾರೆ, ನಮ್ಮ ಹಳೆ ಬಂದರಿನ ಮಂಜಿ ಹಡಗಿಗೂ ಇದಕ್ಕೂ ಏನು ವ್ಯತ್ಯಾಸ, ಎಲ್ಲ ವಿಚಾರಿಸಿಕೊಂಡು ಬಂದರು. ಆ ಪ್ರವಾಸದ ಬಗ್ಗೆ ಅವರು ಈಗಲೂ ಮಾತಾಡುತ್ತಾರೆ.

ಆಮೇಲಿಂದ ನಾನು ಹಿಡಿದಿರುವ ದಾರಿ ಒಂದೇ. ಪೂರ್ತಿ ಅಪರಿಚಿತ ಊರಿಗೆ ಕಳಿಸುವುದಿಲ್ಲ. ಅರ್ಧ ಪರಿಚಯದ ಊರು ಹುಡುಕುತ್ತೇನೆ. ಜಾಗ ಹೊಸದಿರಬೇಕು, ನಿಮ್ಮ ಅಕ್ಕಪಕ್ಕದವರು ಯಾರೂ ಹೋಗಿರಬಾರದು, ಆದರೆ ಅಲ್ಲಿ ನಿಮ್ಮ ಮನೆಯ ಏನೋ ಒಂದು ಬೇರೆ ವೇಷ ಹಾಕಿಕೊಂಡು ಎದುರಿಗೆ ಬರಬೇಕು. ಕರಾವಳಿಯವರಿಗೆ ಇಂಥ ಊರುಗಳಿಗೆ ಬರವಿಲ್ಲ. ಮಳೆ, ಮೀನು, ಅಡಿಕೆ, ತೆಂಗು, ಕೋಣ, ಹಡಗು, ಹೊರಗೆ ಹೋಗಿ ದುಡಿಯುವ ಗಂಡಸರು, ಮನೆ ನಡೆಸುವ ಹೆಂಗಸರು, ಇಷ್ಟು ಗೊತ್ತಿದ್ದವರಿಗೆ ಹಿಂದೂ ಮಹಾಸಾಗರದ ಸುತ್ತ ಎಲ್ಲಿ ಹೋದರೂ ಸುಮ್ನೆ ನೋಡಿ ಬರುವಂತಾಗುವುದಿಲ್ಲ.

ನಿಮ್ಮ ಮನೆಗೆ ನನ್ನ ಮೊದಲ ಆಯ್ಕೆ ಇಂಡೋನೇಷ್ಯಾದ ಪಶ್ಚಿಮ ಸುಮಾತ್ರ.

ಇಂಡೋನೇಷ್ಯಾ ಅಂದ ಕೂಡಲೇ ನಮ್ಮವರು ಬಾಲಿ ಅನ್ನುತ್ತಾರೆ. ಬಾಲಿಗೆ ಹೋಗುವ ನೂರು ಜನರಲ್ಲಿ ಒಬ್ಬರೂ ಸುಮಾತ್ರದ ಕಡೆ ತಿರುಗಿ ನೋಡುವುದಿಲ್ಲ. ಪಾಡಂಗ್ ಅಂತ ಒಂದು ಊರಿದೆ, ನಮ್ಮ ಹಾಗೇ ಪಶ್ಚಿಮಕ್ಕೆ ಮುಖ ಮಾಡಿದ ಕಡಲೂರು, ಬೆನ್ನ ಹಿಂದೆಯೇ ಘಟ್ಟ. ವರ್ಷದ ಮಳೆ ಲೆಕ್ಕ ಹಾಕಿದರೆ ಉಡುಪಿಗೆ ಹತ್ತಿರ ಬರುತ್ತದೆ. ನಮ್ಮ ಮಳೆ ಹೆಚ್ಚುಕಡಿಮೆ ನಾಲ್ಕು ತಿಂಗಳಲ್ಲಿ ಸುರಿದು ಮುಗಿಯುತ್ತದೆ, ಅವರದ್ದು ವರ್ಷ ಪೂರ್ತಿ ಹಂಚಿಕೊಂಡು ಬರುತ್ತದೆ. ಆ ಘಟ್ಟದ ಮೇಲಿನ ಸೀಮೆಯೇ ಮಿನಾಂಗ್‌ಕಬಾವ್ ಜನರ ನಾಡು.

ಈ ಜನರ ಬಗ್ಗೆ ಸ್ವಲ್ಪ ವಿವರವಾಗಿ ಹೇಳಲೇಬೇಕು, ಯಾಕೆಂದರೆ ನಿಮ್ಮ ಅಮ್ಮನಿಗೆ ಇದು ನನಗಿಂತ ಚೆನ್ನಾಗಿ ಅರ್ಥವಾಗುತ್ತದೆ. ಇವರು ಮುಸ್ಲಿಮರು. ಮನೆ, ಗದ್ದೆ ಮಾತ್ರ ತಾಯಿಯಿಂದ ಮಗಳಿಗೆ ಹೋಗುತ್ತದೆ. ಪ್ರಪಂಚದಲ್ಲಿ ತಾಯಿಯ ಕಡೆಯಿಂದ ವಂಶ ಎಣಿಸುವ ಸಮುದಾಯಗಳಲ್ಲಿ ಇವರದ್ದೇ ದೊಡ್ಡದು. ಮಕ್ಕಳಿಗೆ ಬರುವುದು ತಾಯಿಯ ಕುಲ, ಅದನ್ನು ಅವರು ಸುಕು ಅನ್ನುತ್ತಾರೆ. ಹಿರಿಯರ ಆಸ್ತಿಯನ್ನು ನೋಡಿಕೊಳ್ಳುವುದು ತಾಯಿಯ ಅಣ್ಣತಮ್ಮ, ಅವನಿಗೆ ಮಾಮಕ್ ಅಂತ ಹೆಸರು. ಅಕ್ಕತಂಗಿಯರ ಮಕ್ಕಳ ಮೇಲೆ ಅವನಿಗೆ ಅಧಿಕಾರವೂ ಇದೆ, ಜವಾಬ್ದಾರಿಯೂ ಇದೆ. ನಮ್ಮ ಅಳಿಯಸಂತಾನದ ಕಟ್ಟನ್ನು ಯಾರೋ ಸಮುದ್ರದಾಚೆ ತೆಗೆದುಕೊಂಡು ಹೋಗಿ ಇಟ್ಟ ಹಾಗಿದೆ, ಅಲ್ವಾ? ನಿಜವಾಗಿ ಯಾರೂ ತೆಗೆದುಕೊಂಡು ಹೋಗಿಲ್ಲ. ಅವರದ್ದು ಅಲ್ಲೇ ಬೆಳೆದದ್ದು, ನಮ್ಮದು ಇಲ್ಲೇ ಬೆಳೆದದ್ದು. ನಮ್ಮಲ್ಲಿ 1949ರ ಮದ್ರಾಸ್ ಕಾಯ್ದೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ ಆಸ್ತಿಯ ಲೆಕ್ಕ ಬದಲಾಯಿತು. ಉಳಿದದ್ದು ಮುಖ್ಯವಾಗಿ ಬರಿ ಅನ್ನುವ ತಾಯಿ ಕಡೆಯ ಕುಲದ ಹೆಸರು, ಮದುವೆ ಮಾತುಕತೆಯಲ್ಲಿ ಕೇಳುತ್ತೇವಲ್ಲ, ಅದು. ಅವರಲ್ಲಿ ಪೂರ್ವಿಕರ ಮನೆ ಗದ್ದೆಗಳಿಗೆ ಈ ಪದ್ಧತಿ ಇನ್ನೂ ಜೀವಂತ ಇದೆ.

ಅವರ ದೊಡ್ಡ ಮನೆಗೆ ರುಮಾ ಗಡಾಂಗ್ ಅಂತ ಹೆಸರು. ಮಾಡಿನ ಎರಡೂ ತುದಿ ಕೋಣದ ಕೊಂಬಿನ ಹಾಗೆ ಮೇಲಕ್ಕೆ ಬಾಗಿರುತ್ತದೆ. ಒಳಗೆ ಒಂದು ಉದ್ದ ಚಾವಡಿ, ಹಿಂದೆ ಸಾಲಾಗಿ ಕೋಣೆಗಳು. ಹಳೆ ಪದ್ಧತಿಯಲ್ಲಿ ಮದುವೆಯಾದ ಹೆಣ್ಣುಮಗಳಿಗೆ ಒಂದೊಂದು ಕೋಣೆ, ಗಂಡ ಅಲ್ಲಿಗೆ ಬರುವ ನೆಂಟ. ಬಾತುಸಂಕಾರ್ ಊರಿನ ಹತ್ತಿರ ಪಗಾರುಯುಂಗ್ ಅರಮನೆ ಇದೆ, 2007ರಲ್ಲಿ ಸಿಡಿಲು ಬಡಿದು ಸುಟ್ಟು ಹೋಗಿತ್ತು, ಮತ್ತೆ ಕಟ್ಟಿದ್ದಾರೆ. ಅದನ್ನು ಒಂದು ಗಂಟೆಯಲ್ಲಿ ನೋಡಿ ಮುಗಿಸಿ. ನಿಜವಾದ ಸಂತೋಷ ಇರುವುದು ಹಳ್ಳಿಗಳಲ್ಲಿ. ಪರಿಯಾಂಗನ್ ಅಂತ ಒಂದು ಹಳ್ಳಿ ಇದೆ, ಗುಡ್ಡದ ಇಳಿಜಾರಿನಲ್ಲಿ, ಮೆಟ್ಟಿಲು ಮೆಟ್ಟಿಲಾಗಿ ಗದ್ದೆ. ಮಿನಾಂಗ್‌ಕಬಾವ್ ಜನ ತಮ್ಮ ಮೂಲ ಊರು ಅಂತ ಹೇಳಿಕೊಳ್ಳುವುದು ಇದನ್ನೇ. ಕಾರು ಹಳ್ಳಿಯವರೆಗೂ ಹೋಗುತ್ತದೆ. ಅಮ್ಮ ಕೆಳಗೆ ಒಂದು ಅಂಗಡಿಯಲ್ಲಿ ಕೂತರೂ ಸಾಕು, ಮಾತಾಡಿಸಲು ಅಲ್ಲಿನ ಹೆಂಗಸರು ತಾವಾಗಿಯೇ ಬರುತ್ತಾರೆ.

ಇನ್ನು ಕೋಣದ ವಿಷಯ. ಮಿನಾಂಗ್ ಅಂದರೆ ಗೆಲುವು, ಕಬಾವ್ ಅಂದರೆ ಕೋಣ ಅಂತ ಅಲ್ಲಿನವರು ಹೆಸರು ಬಿಡಿಸಿ ಹೇಳುತ್ತಾರೆ. ಅದಕ್ಕೊಂದು ಕತೆಯೂ ಇದೆ. ಜಾವಾದಿಂದ ಸೈನ್ಯ ಬಂತಂತೆ. ಯುದ್ಧದ ಬದಲು ಎರಡು ಕಡೆಯ ಕೋಣಗಳ ಕಾಳಗ ಮಾಡಿಸೋಣ ಅಂತ ಮಾತಾಯಿತು. ಜಾವಾದವರು ದೊಡ್ಡ ಕೋಣ ತಂದರು. ಇವರು ಒಂದು ಕರುವನ್ನು ಹಾಲು ಕೊಡದೆ ಹಸಿವಿನಿಂದ ಇಟ್ಟು, ಮೂತಿಗೆ ಕತ್ತಿ ಕಟ್ಟಿ ಬಿಟ್ಟರು. ಕರು ಹಾಲಿಗೆ ಅಂತ ಓಡಿ ಹೊಟ್ಟೆಗೆ ಮೂತಿ ಹಾಕಿತು, ದೊಡ್ಡ ಕೋಣ ಬಿತ್ತು. ಮಗಳಿಗೆ ವಿಮಾನದಲ್ಲಿ ಹೇಳಲು ಒಳ್ಳೆ ಕತೆ.

ಅಲ್ಲಿ ಪಾಚು ಜಾವಿ ಅಂತ ಒಂದು ಆಟ ನಡೆಯುತ್ತದೆ. ಕಂಬಳ ನೋಡಿ ಬೆಳೆದವರು ಅದನ್ನು ನೋಡಲೇಬೇಕು ಅಂತ ನನ್ನ ಮನಸ್ಸು. ಕೊಯ್ಲಾದ ಮೇಲೆ ನೀರು ನಿಂತ ಕೆಸರು ಗದ್ದೆಯಲ್ಲಿ ಜೋಡಿ ಎತ್ತು ಓಡಿಸುತ್ತಾರೆ, ಜಾವಿ ಅಂದರೆ ದನ. ಓಡಿಸುವವನು ಹಿಂದೆ ನೇಗಿಲಿನಂಥ ಒಂದು ಮರದ ಚೌಕಟ್ಟಿನ ಮೇಲೆ ಕಾಲಿಟ್ಟು, ಎರಡು ಎತ್ತಿನ ಬಾಲ ಹಿಡಿದು ನಿಲ್ಲುತ್ತಾನೆ. ವೇಗ ಬೇಕಾದರೆ ಬಾಲ ಕಚ್ಚುತ್ತಾನೆ. ಕೆಸರು ಆಳೆತ್ತರ ಹಾರುತ್ತದೆ. ನಮ್ಮ ಕಂಬಳದಲ್ಲಿ ಓಡಲು ಅಕ್ಕಪಕ್ಕ ಜೋಡು ಕರೆ, ಸೆಕೆಂಡಿನ ನೂರರ ಒಂದು ಭಾಗದವರೆಗೆ ಲೆಕ್ಕ, ಸೆನ್ಸರ್, ಮೈಕಿನಲ್ಲಿ ಯಜಮಾನರ ಹೆಸರು. ಅಲ್ಲಿ ಅದು ಯಾವುದೂ ಇಲ್ಲ. ಒಂದು ಸಲಕ್ಕೆ ಒಂದೇ ಜೋಡಿ ಓಡುತ್ತದೆ. ಗೆದ್ದವರು, ಸೋತವರು ಅಂತ ಯಾರೂ ಕೂಗುವುದಿಲ್ಲ. ಎರಡೂ ಎತ್ತು ಅತ್ತಿತ್ತ ಹೋಗದೆ ನೇರ ಓಡಿದರೆ ಸುತ್ತ ನಿಂತ ಜನರ ಕಣ್ಣಲ್ಲಿ ಅದರ ಬೆಲೆ ಏರುತ್ತದೆ, ಆಟ ಮುಗಿದ ಮೇಲೆ ವ್ಯಾಪಾರ ಮಾತಾಡುತ್ತಾರೆ. ನಾನು ಅಲ್ಲಿ ಬದುವಿನ ಮೇಲೆ ನಿಂತಿದ್ದಾಗ ಪಕ್ಕದಲ್ಲಿದ್ದ ಅಜ್ಜ ಒಬ್ಬರು ಒಂದು ಜೋಡಿಯನ್ನು ನೋಡಿ ತಲೆ ಅಲ್ಲಾಡಿಸಿದರು, ಎಡದ ಎತ್ತಿನ ಕಡೆ ಕೈ ತೋರಿಸಿದರು. ಭಾಷೆ ಬರದಿದ್ದರೂ ನನಗೆ ಅರ್ಥವಾಯಿತು, ಎಡದ್ದು ಎಳೆಯುತ್ತಿತ್ತು. ಅರ್ಧ ಪರಿಚಯ ಅಂದರೆ ನಾನು ಹೇಳುವುದು ಇದನ್ನು. ಈ ಓಟ ವರ್ಷ ಪೂರ್ತಿ ಒಂದೇ ಕಡೆ ಇರುವುದಿಲ್ಲ, ತಾನಾ ದಾತಾರ್ ಜಿಲ್ಲೆಯ ಹಳ್ಳಿಗಳಲ್ಲಿ ಸರದಿಯ ಮೇಲೆ ನಡೆಯುತ್ತದೆ. ಹೊರಡುವ ಎರಡು ವಾರ ಮುಂಚೆ ಉಳಿದುಕೊಳ್ಳುವ ಮನೆಯವರನ್ನು ಕೇಳಿ ದಿನ ಗೊತ್ತುಮಾಡಿಕೊಳ್ಳಿ.

ಊಟದ ಬಗ್ಗೆ ಹೇಳದಿದ್ದರೆ ಈ ಉತ್ತರ ಅರ್ಧವಾದೀತು. ಉಡುಪಿ ಹೋಟೆಲ್ ಭಾರತದಲ್ಲಿ ಹೇಗೋ ಪಾಡಂಗ್ ಹೋಟೆಲ್ ಇಂಡೋನೇಷ್ಯಾದಲ್ಲಿ ಹಾಗೆ. ಯಾವ ಊರಿನ ಯಾವ ಬಸ್ ನಿಲ್ದಾಣದ ಎದುರಿಗೆ ಹೋದರೂ ಒಂದು ಇದ್ದೇ ಇರುತ್ತದೆ. ಕಾರಣವೂ ಒಂದೇ ಥರ. ಮಿನಾಂಗ್ ಗಂಡುಮಕ್ಕಳು ವಯಸ್ಸಿಗೆ ಬಂದ ಮೇಲೆ ಊರು ಬಿಟ್ಟು ಹೊರಗೆ ಹೋಗಿ ದುಡಿದು ಕಲಿತು ಬರಬೇಕು ಅನ್ನುವ ಪದ್ಧತಿ ಇದೆ, ಮೆರಾಂತಾವ್ ಅಂತ ಅದರ ಹೆಸರು. ಹೋದವರು ಹೋದಲ್ಲೆಲ್ಲ ಊರಿನ ಅಡಿಗೆ ಇಟ್ಟರು. ಮುಂಬೈಗೆ, ಮದ್ರಾಸಿಗೆ ಹೋದ ನಮ್ಮವರು ಮಾಡಿದ್ದೂ ಅದೇ ತಾನೆ.

ಅಲ್ಲಿ ಮೆನು ಕೊಡುವುದಿಲ್ಲ. ನೀವು ಕೂತ ಕೂಡಲೇ ಮಾಣಿ ಒಂದೇ ಕೈಯ ಮೇಲೆ ಹತ್ತು ಹನ್ನೆರಡು ತಟ್ಟೆ ಪೇರಿಸಿಕೊಂಡು ಬಂದು ಎಲ್ಲ ಮೇಜಿನ ಮೇಲೆ ಇಡುತ್ತಾನೆ. ತಿಂದದ್ದಕ್ಕೆ ಮಾತ್ರ ದುಡ್ಡು, ಮುಟ್ಟದ್ದು ಒಳಗೆ ವಾಪಸ್. ಮಗಳಿಗೆ ಇದೇ ದೊಡ್ಡ ಸಂಭ್ರಮವಾಗುತ್ತದೆ. ಎಲ್ಲದರಲ್ಲೂ ತೆಂಗಿನ ಹಾಲು, ಮೆಣಸು, ಅರಸಿನ, ಶುಂಠಿ. ಆಸಮ್ ಪಾದೆ ಅಂತ ಹುಳಿ ಖಾರದ ಒಂದು ಮೀನು ಸಾರಿದೆ, ಅದಕ್ಕೆ ಹಾಕುವ ಹುಳಿ ನಮ್ಮ ಪುನರ್ಪುಳಿಯ ನೆಂಟ, ಅದೇ ಜಾತಿಯ ಬೇರೆ ಮರದ ಹಣ್ಣು. ಅಮ್ಮ ಒಂದು ತುತ್ತು ತಿಂದ ಕೂಡಲೇ ಗುರುತು ಹಿಡಿಯುತ್ತಾರೆ ನೋಡಿ. ಒಂದು ಎಚ್ಚರಿಕೆ: ಅಲ್ಲಿನ ಹೆಸರಾಂತ ರೆಂಡಾಂಗ್ ಸಾಮಾನ್ಯವಾಗಿ ದನದ ಮಾಂಸದ್ದು. ಬೇಡವಾದರೆ ಕೂತ ತಕ್ಷಣವೇ "ದಾಗಿಂಗ್ ಸಾಪಿ ಬೇಡ" ಅನ್ನುವ ಅರ್ಥ ಬರುವಂತೆ ಹೇಳಿ, ಇಲ್ಲವೇ ಫೋನಿನಲ್ಲಿ ಅವರ ಭಾಷೆಯಲ್ಲಿ ಬರೆದು ತೋರಿಸಿ. ಬೇಸರ ಮಾಡಿಕೊಳ್ಳುವುದಿಲ್ಲ. ಸೋಮವಾರ, ಶನಿವಾರಕ್ಕೆ ಗುಜ್ಜೆಯ ಗುಲಾಯಿ ಅಂದರೆ ತೆಂಗಿನ ಹಾಲಿನ ಸಾರು ಇದೆ, ಮರಗೆಣಸಿನ ಸೊಪ್ಪು ಇದೆ, ಆದರೆ ಅದಕ್ಕೂ ಕೆಲವು ಕಡೆ ಮಾಂಸದ ರಸವೋ ಒಣ ಸಿಗಡಿಯೋ ಬಿದ್ದಿರುತ್ತದೆ. ಕೇಳಿ ತಿನ್ನಿ. ಆ ಎರಡು ದಿನಕ್ಕೆ ಒಂದು ಸಣ್ಣ ಕುಕ್ಕರ್, ಒಂದು ಕಿಲೋ ಕುಚ್ಚಲಕ್ಕಿ, ಉಪ್ಪಿನಕಾಯಿ ಕಟ್ಟಿಕೊಂಡು ಹೋದರೆ ಅಮ್ಮನಿಗೂ ನೆಮ್ಮದಿ. ಮನೆಯಂಥ ಬಾಡಿಗೆ ಕೋಣೆಗಳಲ್ಲಿ ಬೇಯಿಸಲು ಬಿಡುತ್ತಾರೆ.

ಕಾಫಿ ಕುಡಿಯುವವರಾದರೆ ಕಾವಾ ದಾವುನ್ ಕೇಳಿ. ಕಾಫಿ ಬೀಜದ್ದಲ್ಲ, ಕಾಫಿ ಎಲೆಯದ್ದು. ಡಚ್ಚರ ಕಾಲದಲ್ಲಿ ಬೆಳೆದ ಬೀಜವನ್ನೆಲ್ಲ ಸರಕಾರಕ್ಕೆ ಒಪ್ಪಿಸಬೇಕಿತ್ತು, ಬೆಳೆದವರ ಪಾಲಿಗೆ ಉಳಿದದ್ದು ಎಲೆ. ಅದನ್ನೇ ಹೊಗೆಯಲ್ಲಿ ಒಣಗಿಸಿ ಕುದಿಸಿ ಕುಡಿದರು, ಈಗಲೂ ತೆಂಗಿನ ಗೆರಟೆಯಲ್ಲೇ ಕೊಡುತ್ತಾರೆ. ನನಗೆ ಆ ರುಚಿಗಿಂತ ಅದರ ಹಿಂದಿನ ಕತೆ ಜಾಸ್ತಿ ನಾಟಿತು.

ದಾರಿ ಕಷ್ಟದ್ದಲ್ಲ. ಬೆಂಗಳೂರಿನಿಂದ ಕೌಲಾಲಂಪುರ ನಾಲ್ಕು ಗಂಟೆಯ ಆಸುಪಾಸು, ಅಲ್ಲಿಂದ ಪಾಡಂಗ್ ಒಂದೂಕಾಲು ಗಂಟೆ. ಇಂಡೋನೇಷ್ಯಾ ವೀಸಾ ಆನ್‌ಲೈನಲ್ಲೇ ಆಗುತ್ತದೆ. ಪಾಡಂಗ್‌ನಲ್ಲಿ ಒಂದು ರಾತ್ರಿ ಸಾಕು. ಅಲ್ಲಿಂದ 90 ಕಿಲೋಮೀಟರ್ ಮೇಲೆ ಬುಕಿತ್ತಿಂಗಿ, ಸಮುದ್ರ ಮಟ್ಟದಿಂದ 900 ಮೀಟರಿಗೂ ಎತ್ತರ, ತಂಪು. ಅಲ್ಲೊಂದು ಮನೆ ಹಿಡಿದು ಐದು ದಿನ ಕೂರಿ. ಅಲ್ಲಿಂದಲೇ ದಿನಕ್ಕೊಂದು ಕಡೆ ಹೋಗಿ ಬನ್ನಿ: ಒಂದು ದಿನ ಪರಿಯಾಂಗನ್, ಒಂದು ದಿನ ಹರಾವ್ ಕಣಿವೆ, ಒಂದು ದಿನ ಮನಿಂಜಾವ್ ಕೆರೆ. ಆ ಕೆರೆಗೆ ಇಳಿಯುವ ದಾರಿಯಲ್ಲಿ 44 ತಿರುವು, ಪ್ರತಿ ತಿರುವಿಗೂ ನಂಬರ್ ಹಾಕಿದ್ದಾರೆ. ಆಗುಂಬೆಯಲ್ಲಿ ತಲೆ ಸುತ್ತುವವರಿದ್ದರೆ ಮೇಲಿನಿಂದಲೇ ನೋಡಿ ವಾಪಸ್ ಬನ್ನಿ.

ಹೋಗುವುದಾದರೆ ಬೇಸಿಗೆ ರಜೆಯಲ್ಲಿ, ಮೇ ತಿಂಗಳಲ್ಲಿ. ಅಕ್ಟೋಬರ್‌ನಿಂದ ಡಿಸೆಂಬರ್ ಅಲ್ಲಿ ಮಳೆ ಜೋರು. 2025ರ ನವೆಂಬರ್ ಕೊನೆಯಲ್ಲಿ ಸುಮಾತ್ರದಲ್ಲಿ ದೊಡ್ಡ ನೆರೆ ಬಂದು ತುಂಬ ಜನ ತೀರಿಕೊಂಡರು, ರಸ್ತೆ ಸೇತುವೆ ಹಾಳಾಯಿತು. ಘಟ್ಟದ ರಸ್ತೆ ಹೇಗಿದೆ ಅಂತ ವಿಚಾರಿಸಿಯೇ ಟಿಕೆಟ್ ತೆಗೆಯಿರಿ. ಮರಾಪಿ ಅಂತ ಒಂದು ಜ್ವಾಲಾಮುಖಿ ಇದೆ, 2023ರ ಡಿಸೆಂಬರ್‌ನಲ್ಲಿ ಸಿಡಿದು ಹತ್ತಲು ಹೋಗಿದ್ದವರು ಸತ್ತರು. ದೂರದಿಂದ ನೋಡಿ, ಗಂಡನಿಗೆ ಹುಮ್ಮಸ್ಸು ಬಂದರೂ ಹತ್ತಲು ಬಿಡಬೇಡಿ.

ದಸರಾ ರಜೆಯೇ ಆಗಬೇಕು ಅಂದರೆ ಸುಮಾತ್ರ ಬಿಡಿ, ಒಮಾನ್‌ನ ಸಲಾಲಕ್ಕೆ ಹೋಗಿ.

ಗಲ್ಫ್ ಅಂದರೆ ನಮ್ಮ ಪ್ರತಿ ಮನೆಗೂ ಗೊತ್ತು. ಮಗ ಇರುತ್ತಾನೆ, ಭಾವ ಇರುತ್ತಾನೆ. ಆದರೂ ಸಲಾಲ ನೋಡಿದವರು ಕಡಿಮೆ. ಅರಬ್ ದೇಶಗಳೆಲ್ಲ ಬೆಂಕಿಯ ಹಾಗೆ ಸುಡುವ ಜೂನ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಈ ಒಂದು ಮೂಲೆಯಲ್ಲಿ ಮಂಜು, ತುಂತುರು, ಹಸಿರು ಗುಡ್ಡ. ಅದಕ್ಕೆ ಖರೀಫ್ ಅನ್ನುತ್ತಾರೆ. ಮಲ್ಪೆಯಲ್ಲಿ ಬೋಟುಗಳನ್ನು ದಡಕ್ಕೆ ಕಟ್ಟಿಸುವ ಅದೇ ನೈಋತ್ಯ ಮಾರುತ ಅಲ್ಲಿಯೂ ಬೀಸುತ್ತದೆ. ಗಾಳಿ ದಡದ ಉದ್ದಕ್ಕೆ ಬೀಸಿ ಮೇಲಿನ ಬಿಸಿ ನೀರನ್ನು ಆಚೆ ತಳ್ಳುತ್ತದೆ, ಅಡಿಯಿಂದ ತಣ್ಣನೆಯ ನೀರು ಮೇಲೆ ಬರುತ್ತದೆ. ಒದ್ದೆ ಗಾಳಿ ಆ ತಣ್ಣನೆ ನೀರಿನ ಮೇಲೆ ಹಾದು ಬಂದು ಗುಡ್ಡಕ್ಕೆ ತಾಗಿ ಮಂಜಾಗುತ್ತದೆ. ನಮಗೆ ಕೊಡಪಾನದಲ್ಲಿ ಸುರಿಯುವ ಗಾಳಿ ಅಲ್ಲಿ ಚಿಮುಕಿಸಿ ಹೋಗುತ್ತದೆ, ಅಷ್ಟಕ್ಕೇ ಗುಡ್ಡ ಪೂರ್ತಿ ಹಸಿರು. ಅರಬರು ಅದನ್ನು ನೋಡಲು ಸಾವಿರ ಕಿಲೋಮೀಟರ್ ಕಾರು ಓಡಿಸಿಕೊಂಡು ಬರುತ್ತಾರೆ. ಮಳೆ ಕಂಡು ಸಾಕಾದ ನಾವು ಆ ಗದ್ದಲದಲ್ಲಿ ಹೋಗುವುದು ಬೇಡ. ಅಕ್ಟೋಬರ್ ಮೊದಲ ವಾರಗಳಲ್ಲಿ ಮಂಜು ಹೋಗಿರುತ್ತದೆ, ಹಸಿರು ಇನ್ನೂ ಇರುತ್ತದೆ, ಜನ ಕಡಿಮೆ, ಕೋಣೆ ಬಾಡಿಗೆಯೂ ಇಳಿದಿರುತ್ತದೆ.

ರಸ್ತೆ ಬದಿಯಲ್ಲಿ ಬೊಂಡ, ಬಾಳೆಹಣ್ಣು, ಪಪ್ಪಾಯಿ ಅಂಗಡಿಗಳು ಸಾಲಾಗಿ ಇರುತ್ತವೆ. ಒಂದು ಕ್ಷಣ ಪಡುಬಿದ್ರಿ ಅನ್ನಿಸುತ್ತದೆ. ಇದು ಹೊಸದಾಗಿ ಆದದ್ದಲ್ಲ. 14ನೇ ಶತಮಾನದಲ್ಲಿ ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತ ಈ ಊರಿಗೆ ಬಂದಿದ್ದ, ಆಗ ಇದರ ಹೆಸರು ಜಫಾರ್. ವೀಳ್ಯದೆಲೆ, ತೆಂಗು ಭಾರತ ಬಿಟ್ಟರೆ ಇಲ್ಲಿ ಮಾತ್ರ ಸಿಗುತ್ತದೆ ಅಂತ ಬರೆದ. ಇಲ್ಲಿನ ದನ ಕುರಿಗಳಿಗೆ ಮೇವು ಸಾರ್ಡೀನ್ ಮೀನು ಅಂತ ಆಶ್ಚರ್ಯಪಟ್ಟ. ಸಾರ್ಡೀನ್ ಅಂದರೆ ನಮ್ಮ ಬೂತಾಯಿ! ಇದೇ ಮನುಷ್ಯ ಮುಂದೆ ನಮ್ಮ ಬಾರ್ಕೂರಿಗೂ ಮಂಗಳೂರಿಗೂ ಬಂದ, ಮಂಗಳೂರಿನಲ್ಲಿ ಕಾಳುಮೆಣಸು, ಶುಂಠಿ ಬೇಕಾದಷ್ಟು ಸಿಗುತ್ತದೆ, ಯೆಮನ್ ಮತ್ತು ಪರ್ಷಿಯಾದ ವ್ಯಾಪಾರಿಗಳು ಇಲ್ಲಿಗೆ ಬರುತ್ತಾರೆ ಅಂತ ಬರೆದಿಟ್ಟ. ಅವನು ನೋಡಿದ ಆ ಪಟ್ಟಣದ ಅವಶೇಷ ಈಗಿನ ಸಲಾಲದ ಸಮುದ್ರ ದಂಡೆಯಲ್ಲೇ ಇದೆ, ಅಲ್ ಬಲೀದ್ ಅಂತ. ಜಾಗ ಸಮತಟ್ಟು, ಅಮ್ಮ ನಿಧಾನಕ್ಕೆ ನಡೆಯಬಹುದು, ಪಕ್ಕದಲ್ಲೇ ಮ್ಯೂಸಿಯಂ ಇದೆ.

ಲೋಬಾನದ ಮರ ತಪ್ಪಿಸಬೇಡಿ, ಇಂಗ್ಲಿಷಿನಲ್ಲಿ ಫ್ರ್ಯಾಂಕಿನ್ಸೆನ್ಸ್ ಅನ್ನುತ್ತಾರಲ್ಲ, ಅದು. ಕುಳ್ಳಗಿನ, ಸೊಟ್ಟ ಸೊಟ್ಟ ಮರ. ತೊಗಟೆ ಕೆತ್ತಿದರೆ ಹಾಲಿನಂಥ ರಸ ಬರುತ್ತದೆ, ಕೆಲವು ದಿನಕ್ಕೆ ಗಟ್ಟಿ ಹನಿಯಾಗುತ್ತದೆ, ಅದೇ ಲೋಬಾನ. ವಾದಿ ದೌಕ ಅನ್ನುವ ಬಯಲಿನಲ್ಲಿ ಇದರ ತೋಪೇ ಇದೆ. ಆ ತೋಪು, ಅಲ್ ಬಲೀದ್, ಹಳೆ ಬಂದರು ಖೋರ್ ರೋರಿ ಎಲ್ಲ ಸೇರಿ 2000ದಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಬಂದವು. ಒಂದು ಚಂದದ ಸಂಗತಿ: ನಾವು ಮನೆಯಲ್ಲಿ ಹಾಕುವ ಸಾಂಬ್ರಾಣಿ ಬೇರೆ ಮರದ್ದು, ಅದರ ಹೆಸರಾದ ಊರು ಸುಮಾತ್ರ. ಅಂದರೆ ನಮ್ಮ ದೇವರ ಕೋಣೆಯ ಹೊಗೆಗೆ ಎರಡೂ ಕಡೆಯ ಸಮುದ್ರ ಸೇರಿದೆ. ಬಜ್ಪೆಯಿಂದ ಗಲ್ಫ್‌ಗೆ ನೇರ ವಿಮಾನ ಇದೆ, ದುಬೈಯಲ್ಲೋ ಮಸ್ಕತ್‌ನಲ್ಲೋ ಬದಲಿಸಿದರೆ ಸಲಾಲ. ಹತ್ತು ದಿನದಲ್ಲಿ ನಾಲ್ಕು ಇಲ್ಲಿ, ಮೂರು ಸೂರ್ ಕಡೆ ಇಡಿ. ಸೂರ್ ಹತ್ತಿರ ರಾಸ್ ಅಲ್ ಜಿನ್ಜ್‌ನಲ್ಲಿ ರಾತ್ರಿ ಕಡಲಾಮೆ ಮೊಟ್ಟೆ ಇಡಲು ಬರುತ್ತದೆ, ಅಲ್ಲಿನವರೇ ಸಣ್ಣ ಗುಂಪು ಮಾಡಿ ಕರೆದುಕೊಂಡು ಹೋಗುತ್ತಾರೆ. ಮಗಳಿಗೆ ಅದು ಜೀವನ ಪೂರ್ತಿ ನೆನಪಿರುತ್ತದೆ.

ಮೂರನೆಯದನ್ನು ಈಗಲ್ಲ, ಮುಂದೆ ನೀವಿಬ್ಬರೇ ಹೋಗುವಾಗ ಅಂತ ಹೇಳುತ್ತಿದ್ದೇನೆ. ಮಡಗಾಸ್ಕರ್.

ಮಲ್ಪೆಯ ಸೇಂಟ್ ಮೇರೀಸ್ ದ್ವೀಪಕ್ಕೆ ಎಷ್ಟು ಸಲ ಹೋಗಿರಬಹುದು ನೀವು? ಆ ಕಂಬಗಳಂಥ ಕಲ್ಲುಗಳ ಮೇಲೆ ಕೂತು ಫೋಟೋ ತೆಗೆಸಿಕೊಳ್ಳದ ಉಡುಪಿಯವರೇ ಇಲ್ಲ. ಅದು ಲಾವಾ ತಣ್ಣಗಾಗುವಾಗ ಸೀಳಿ ಆದ ಕಂಬ. ಸುಮಾರು 8.8 ಕೋಟಿ ವರ್ಷದ ಹಿಂದೆ ಮಡಗಾಸ್ಕರ್ ನಮ್ಮ ಕರಾವಳಿಯಿಂದ ಬಿಟ್ಟು ಹೋಗುವ ಕಾಲದಲ್ಲಿ ನೆಲದಡಿಯಿಂದ ಉಕ್ಕಿದ ಲಾವಾ ಅದು. ಅಂದರೆ ನೀವು ಕೂತಿದ್ದು ಎರಡು ನೆಲ ಬೇರೆಯಾದ ಗಾಯದ ಮೇಲೆ. ಆಚೆ ಹೋದ ತುಂಡಿನ ಪೂರ್ವ ಕರೆಯಲ್ಲಿ ಇನ್ನೊಂದು ದ್ವೀಪ ಇದೆ, ಅದರ ಹೆಸರೂ ಸೇಂಟ್ ಮೇರಿಯೇ, ಫ್ರೆಂಚ್‌ನಲ್ಲಿ ಸಾಂತ್ ಮರಿ! ಹೆಸರು ಸೇರಿದ್ದು ಆಕಸ್ಮಿಕ, ಆದರೂ ನನಗೆ ಅದು ಮೊದಲ ಸಲ ಗೊತ್ತಾದ ದಿನ ನಿದ್ದೆ ಬರಲಿಲ್ಲ. ಜುಲೈಯಿಂದ ಸೆಪ್ಟೆಂಬರ್‌ವರೆಗೆ ಆ ದ್ವೀಪಕ್ಕೂ ದೊಡ್ಡ ನೆಲಕ್ಕೂ ನಡುವಿನ ನೀರಿಗೆ ಹಂಪ್‌ಬ್ಯಾಕ್ ತಿಮಿಂಗಿಲಗಳು ಮರಿ ಹಾಕಲು ಬರುತ್ತವೆ. ಹಳೆ ಕಡಲ್ಗಳ್ಳರ ಗೋರಿಗಳೂ ಇವೆ.

ಮಡಗಾಸ್ಕರ್ ಜನ ಮೂರು ಹೊತ್ತೂ ಅನ್ನ ಉಣ್ಣುವವರು. ಅವರ ಭಾಷೆಗೆ ಹತ್ತಿರದ ನೆಂಟರು ಆಫ್ರಿಕಾದಲ್ಲಿ ಇಲ್ಲ, ಬೋರ್ನಿಯೋದಲ್ಲಿದ್ದಾರೆ. ಅಷ್ಟು ದೂರದ ಸಮುದ್ರ ದಾಟಿ ಬಂದವರ ಮೊಮ್ಮಕ್ಕಳು. ಅನ್ನ ಮಾಡಿದ ಪಾತ್ರೆಯಲ್ಲಿ ತಳ ಹಿಡಿದದ್ದನ್ನು ಇನ್ನಷ್ಟು ಕೆಂಪಗೆ ಮಾಡಿ, ನೀರು ಹಾಕಿ ಕುದಿಸಿ, ಆ ನೀರನ್ನೇ ಊಟದ ಜೊತೆ ಕುಡಿಯುತ್ತಾರೆ. ಗಂಜಿ ತಿಳಿ ಕುಡಿದು ಬೆಳೆದವರಿಗೆ ಹೇಳಿಕೊಡಬೇಕಾಗಿಲ್ಲ. ಆದರೆ ದೇಶ ಕರ್ನಾಟಕದ ಮೂರು ಪಟ್ಟು ದೊಡ್ಡದು, ರಸ್ತೆ ತುಂಬ ಕೆಟ್ಟದ್ದು, ಮಲೇರಿಯಾ ಇದೆ, 2025ರ ಅಕ್ಟೋಬರ್‌ನಲ್ಲಿ ಸೈನ್ಯ ಅಧಿಕಾರ ಹಿಡಿದದ್ದೂ ಇದೆ. ಅಮ್ಮನ ಮೊಣಕಾಲಿಗೆ ಈ ಪ್ರವಾಸ ಆಗದು. ಹದಿನೈದು ದಿನಕ್ಕಿಂತ ಕಡಿಮೆ ಇಟ್ಟುಕೊಂಡು ಹೋಗಬೇಡಿ. ಅಡಿಸ್ ಅಬಾಬ ಅಥವಾ ನೈರೋಬಿ ಮೇಲೆ ಹೋಗುವವರು ಹಳದಿ ಜ್ವರದ ಲಸಿಕೆ ಹತ್ತು ದಿನ ಮುಂಚೆಯೇ ಹಾಕಿಸಿ ಕಾರ್ಡ್ ಇಟ್ಟುಕೊಳ್ಳಿ, ಅದಿಲ್ಲದಿದ್ದರೆ ವಾಪಸ್ ಬರುವಾಗ ನಮ್ಮ ವಿಮಾನ ನಿಲ್ದಾಣದಲ್ಲಿ ಕ್ವಾರಂಟೈನ್‌ಗೆ ಹಾಕಬಹುದು.

ಇನ್ನೆರಡು ಊರು ಬೇಗ ಹೇಳಿಬಿಡುತ್ತೇನೆ. ಕೈರೋಗೆ ಹೋಗುವವರು ಪಿರಮಿಡ್ ನೋಡಿ ಓಡಿ ಬರುತ್ತಾರೆ. ಹಳೆ ಕೈರೋದಲ್ಲಿ ಬೆನ್ ಎಜ್ರಾ ಅನ್ನುವ ಯಹೂದಿ ಪ್ರಾರ್ಥನಾ ಮಂದಿರ ಇದೆ. ಅಲ್ಲಿನ ಹಳೆ ಕಾಗದದ ರಾಶಿಯಲ್ಲಿ ಸಿಕ್ಕಿದ್ದು ಅಬ್ರಹಾಂ ಬೆನ್ ಯಿಜು ಅನ್ನುವ ವ್ಯಾಪಾರಿಯ ಪತ್ರಗಳು. ಅವನು 12ನೇ ಶತಮಾನದಲ್ಲಿ ಹೆಚ್ಚುಕಡಿಮೆ ಹದಿನೇಳು ವರ್ಷ ನಮ್ಮ ಮಂಗಳೂರಿನಲ್ಲಿ ಇದ್ದ. ಆಶು ಅನ್ನುವ ಇಲ್ಲಿಯ ಹೆಂಗಸಿನ ಜೊತೆ ಸಂಸಾರ ಮಾಡಿದ. ಏಡನ್‌ಗೆ ಅಡಿಕೆ, ಕಾಳುಮೆಣಸು, ಕಬ್ಬಿಣ ಕಳಿಸುತ್ತಿದ್ದ, ಅಲ್ಲಿಂದ ಕಾಗದ, ಸಕ್ಕರೆ, ಒಣದ್ರಾಕ್ಷಿ ತರಿಸಿಕೊಳ್ಳುತ್ತಿದ್ದ. ಪತ್ರಗಳು ಈಗ ಮುಖ್ಯವಾಗಿ ಕೇಂಬ್ರಿಜ್‌ನಲ್ಲಿವೆ, ಆದರೂ ಆ ಮಂದಿರದ ಮುಂದೆ ನಿಂತಾಗ ಮಂಗಳೂರಿನವರಿಗೆ ಆಗುವ ಅನುಭವ ಬೇರೆ. ಇನ್ನೊಂದು ಸ್ವಿಟ್ಜರ್‌ಲೆಂಡಿನ ಬಾಸೆಲ್. ನಮ್ಮ ಜನ ಹಿಮ ನೋಡಿ ಆ ಊರನ್ನು ದಾಟಿ ಹೋಗುತ್ತಾರೆ. 1843ರ ಜುಲೈ 1ರಂದು ಮಂಗಳೂರು ಸಮಾಚಾರ ಹೊರಡಿಸಿದವರು, 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದವರು, 1894ರಲ್ಲಿ ಕಿಟ್ಟೆಲ್ ನಿಘಂಟು ಅಚ್ಚು ಮಾಡಿದವರು ಎಲ್ಲ ಬಾಸೆಲ್ ಮಿಶನ್ನಿನವರು, ಹೊರಟದ್ದು ಅಲ್ಲಿಂದ. ಅವರ ದಾಖಲೆ ಮನೆಯಲ್ಲಿ ಹಳೆ ಮಂಗಳೂರಿನ ಫೋಟೋಗಳಿವೆ. ಮುಂಚೆ ಬರೆದು ಕೇಳಿ ಹೋಗಬೇಕು.

ಒಂದು ಜಾಗಕ್ಕೆ ಮಾತ್ರ ಹೋಗಬೇಡಿ ಅಂತ ಹೇಳಬೇಕಾಗಿದೆ. ಸೊಕೊತ್ರಾ ದ್ವೀಪದ ವಿಡಿಯೋ ನೀವೂ ನೋಡಿರುತ್ತೀರಿ, ಕೊಡೆಯಂಥ ಮರಗಳು. ನನಗೂ ಅಲ್ಲಿ ಹೋಗುವ ಆಸೆ ಬಹಳ, ಅಲ್ಲಿನ ಒಂದು ಗುಹೆಯಲ್ಲಿ ಭಾರತದ ನಾವಿಕರು ಬ್ರಾಹ್ಮಿ ಲಿಪಿಯಲ್ಲಿ ಹೆಸರು ಗೀಚಿ ಹೋಗಿದ್ದಾರೆ. ಆದರೆ ಅದು ಯೆಮನ್‌ಗೆ ಸೇರಿದ್ದು. ಯೆಮನ್ ಪ್ರಯಾಣಕ್ಕೆ ನಮ್ಮ ಸರಕಾರ 2017ರಲ್ಲಿ ನಿಷೇಧ ಹಾಕಿದೆ. ಟೂರ್ ಮಾರುವವರು ಅದನ್ನು ಹೇಳುವುದಿಲ್ಲ, ಪಾಸ್‌ಪೋರ್ಟ್‌ಗೆ ತೊಂದರೆಯಾದರೆ ಅನುಭವಿಸುವವರು ನೀವು.

ಹಾಗಾಗಿ ನನ್ನ ಮಾತು ಇಷ್ಟು. ಗಂಡನಿಗೆ ಮೇ ತಿಂಗಳಲ್ಲಿ ರಜೆ ಸಿಗುತ್ತದೆಯಾ ಕೇಳಿ ನೋಡಿ. ಸಿಕ್ಕಿದರೆ ಸುಮಾತ್ರ, ಇಲ್ಲದಿದ್ದರೆ ಅಕ್ಟೋಬರ್‌ನಲ್ಲಿ ಸಲಾಲ. ನಾಲ್ವರ ಪಾಸ್‌ಪೋರ್ಟೂ ಪ್ರಯಾಣದ ದಿನದಿಂದ ಆರು ತಿಂಗಳಿಗಿಂತ ಜಾಸ್ತಿ ಇರಬೇಕು, ಮಗಳದ್ದು ಐದೇ ವರ್ಷಕ್ಕೆ ಮುಗಿಯುತ್ತದೆ, ಅದನ್ನು ಇವತ್ತೇ ತೆಗೆದು ನೋಡಿ. ಅಮ್ಮನಿಗೆ ವಿಮಾನ ನಿಲ್ದಾಣದಲ್ಲಿ ಗಾಲಿ ಕುರ್ಚಿ ಟಿಕೆಟ್ ಮಾಡುವಾಗಲೇ ಬರೆಸಿ. ಮತ್ತೆ ಸುಮಾತ್ರ ಅಂತ ಗಟ್ಟಿಯಾದರೆ ಹೊರಡುವ ಮುಂಚೆ ಒಂದು ಸಂಜೆ ಅಮ್ಮನ ಪಕ್ಕ ಮಗಳನ್ನು ಕೂರಿಸಿ, ಅವರ ಬರಿ ಯಾವುದು, ಅವರ ಅಮ್ಮನ ಮನೆ ಹೇಗಿತ್ತು, ಯಜಮಾನಿಕೆ ಮಾಡಿದ ಮಾವ ಯಾರು ಅಂತ ಕೇಳಿಸಿ. ಅಲ್ಲಿ ಯಾವುದಾದರೂ ಮನೆಯ ಚಾವಡಿಯಲ್ಲಿ ಕೂತಾಗ ಅಲ್ಲಿನ ಅಜ್ಜಿ "ನಿಮ್ಮ ಸುಕು ಯಾವುದು?" ಅಂತ ಕೇಳಿದರೆ, ಮಗಳೇ ಉತ್ತರ ಹೇಳಲಿ.